ಬಸ್ ನಿಲ್ದಾಣದ ಕೆರೆ

ನಮ್ಮೂರಲ್ಲಿ ಏನೇನಿದೆ ಅನ್ನೋದು ಎಕ್ಸ್‌ಎಂಎಲ್ ಎಂಬ ಕಂಪ್ಯೂಟರ್ ಕಡತದಲ್ಲಿದೆ. ಅದೆಲ್ಲ ಹೇಗೆ ಕಾಣಬೇಕು ಅನ್ನೋದು ಸ್ಟೈಲ್‌ಶೀಟ್ ಎಂಬ ನಿಯಮಗಳ ಪಟ್ಟಿಯಲ್ಲಿದೆ. ದಿನಾ ನಸುಕಿನಲ್ಲಿ ನಾನು ಎರಡನ್ನೂ ಕೂಡಿಸಿದ ಮೇಲೆಯೇ ಬೀದಿಗಳಿಗೆ ಬಣ್ಣ ಬರುವುದು.

ನಿನ್ನೆ ಮೇಲಧಿಕಾರಿ ಬಸವಲಿಂಗಯ್ಯ ಬಂದು, "ಶಶಿರೇಖಮ್ಮ, ಕೆರೆ ತೆಗೆದುಬಿಡಿ. ಅಲ್ಲಿ ಬಸ್ ನಿಲ್ದಾಣ ಬರುತ್ತೆ" ಎಂದರು.

"ಕಡತದಿಂದ ತೆಗೆದರೆ ಮತ್ತೆ ಸಿಗಲ್ಲ ಸಾರ್."

"ಕಾಣದಿದ್ರೆ ಸಾಕಮ್ಮ."

ನನಗೂ ಅಷ್ಟೇ ಬೇಕಿತ್ತು. ಕಡತದಲ್ಲಿ ನಿಲ್ದಾಣವನ್ನು ಸೇರಿಸಿ, ಕೆರೆಯನ್ನು ಮುಟ್ಟದೆ, ಸ್ಟೈಲ್‌ಶೀಟ್‌ನಿಂದ ಅದರ ನಿಯಮವನ್ನು ಮಾತ್ರ ಅಳಿಸಿದೆ. ಕೆರೆಯನ್ನು ಮರೆಮಾಡಬೇಕಾಯಿತಲ್ಲ ಎಂಬ ಸಿಟ್ಟಿನ ಭರದಲ್ಲಿ 'ತೋರಿಸಬೇಡ' ಎಂಬ ಹೊಸ ಸಾಲು ಸೇರಿಸುವುದನ್ನು ಮರೆತೆ. ನಿಯಮವೇ ಇಲ್ಲದ್ದು ಮಾಯವಾಗುವುದಿಲ್ಲ. ಆಕಾರ ಕಳೆದುಕೊಂಡು, ಒಳಗಿರುವುದೆಲ್ಲ ಹಾಗೇ ಹೊರಗೆ ಸೋರುತ್ತದೆ.

ಬೆಳಗ್ಗೆ ನಿಲ್ದಾಣ ಫಳಫಳ ಹೊಳೆಯುತ್ತಿತ್ತು. ಒಂದು ಹನಿ ನೀರಿಲ್ಲ. ಆದರೆ ಬೆಂಚುಗಳ ಕೆಳಗೆ ಕಪ್ಪೆಗಳು ವಟಗುಟ್ಟುತ್ತಿದ್ದವು. ಬಸ್ಸಿಗೆ ಕಾಯುವ ಹೆಂಗಸರು ತಮಗೇ ಗೊತ್ತಿಲ್ಲದೆ ಸೀರೆಯ ನೆರಿಗೆ ಎತ್ತಿ ಹಿಡಿದಿದ್ದರು.

ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಬಸವಲಿಂಗಯ್ಯ ಚಪ್ಪಲಿ ಬಿಚ್ಚಿಟ್ಟು, ಪ್ಯಾಂಟು ಮಡಚಿ, ಕಾಲು ಇಳಿಬಿಟ್ಟು ಕೂತಿದ್ದರು.

"ಒಂದು ಸಾಲು ಮರೆತೆ ಸಾರ್. ಈಗಲೇ ಸೇರಿಸ್ತೀನಿ."

"ನಿಧಾನಕ್ಕೆ ಸೇರಿಸ್ರಮ್ಮ," ಎಂದರು, ಕಾಲು ತೆಗೆಯದೆ. "ಮೀನು ಕಚ್ತಾ ಇದೆ."