ದಾರಿಹೋಕನ ಗೋರಿ

ತನ್ನದೇ ಗೋರಿಯ ಮೇಲೆ ಹುಸೇನ್ ಊದುಬತ್ತಿ ಹಚ್ಚಿಟ್ಟ.

ಒಳಗೆ ಮಲಗಿದ್ದವನು ಲಾರಿ ಡ್ರೈವರ್ ರಸೂಲ್ ಸಾಬ್. ಭದ್ರಾವತಿಯ ಜನರ ಪಾಲಿಗೆ ಮಾತ್ರ ಅದು ಹೆಸರಿಲ್ಲದ ಯಾರೋ ದಾರಿಹೋಕನ ಗೋರಿ.

ಐವತ್ತೆಂಟರ ಬೇಸಿಗೆ. ಹುಸೇನ್ ಹಿಂದೆ ಮುಂದೆ ಯಾರೂ ಇಲ್ಲದವನು. ಕೆಲಸ ಹುಡುಕಿಕೊಂಡು ಶಿವಮೊಗ್ಗದಲ್ಲಿ ರಸೂಲನ ಲಾರಿ ಹತ್ತಿದ್ದ. ಭದ್ರಾವತಿ ಮುಟ್ಟುವ ಮೊದಲೇ ಲಾರಿ ಮಗುಚಿ ಹೊತ್ತಿಕೊಂಡಿತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮುಖವೆಲ್ಲ ಬ್ಯಾಂಡೇಜು, ಗಂಟಲಲ್ಲಿ ದನಿಯಿಲ್ಲ. ಬೆರಳಲ್ಲಿ ರಸೂಲನ ಮದುವೆಯ ಬೆಳ್ಳಿಯುಂಗುರ. ಎಲ್ಲರೂ ಅವನನ್ನು "ರಸೂಲ್ ಸಾಬ್" ಎಂದು ಕರೆದರು. ಬ್ಯಾಂಡೇಜು ಬಿಚ್ಚಿದ ಮೇಲೂ ಸುಟ್ಟ ಮುಖದಲ್ಲಿ ಬೇರೆ ಗುರುತು ಉಳಿದಿರಲಿಲ್ಲ. ಅಲ್ಲವೆನ್ನಲು ನಾಲಿಗೆ ಏಳಲಿಲ್ಲ. ನಾಲಿಗೆ ಎದ್ದ ಮೇಲೆ ಮನಸ್ಸು ಏಳಲಿಲ್ಲ. ಅಷ್ಟರಲ್ಲಿ ರಸೂಲನ ಹೆಂಡತಿ ಅಖ್ತರ್ ಬೀ ಅವನಿಗೆ ಚಮಚದಲ್ಲಿ ಗಂಜಿ ಕುಡಿಸಿದ್ದಳು. ಹಾಗೆ ಅವನಿಗೆ ಯಾರೂ ಉಣಿಸಿದ್ದಿಲ್ಲ.

"ಅಲ್ಲಾ ಬರೆದ ಜೋಡಿ ಮಾರಾಯ್ತಿ," ಎಂದಿದ್ದಳು ಪಕ್ಕದ ಮನೆಯ ಸರ್ವರ್ ಬೀ. "ಬೆಂಕಿಗೂ ಬಿಡಿಸೋಕಾಗ್ಲಿಲ್ಲ ನೋಡು."

ಅಖ್ತರ್ ಬೀ ಸೆರಗು ಮುಂದೆಳೆದುಕೊಂಡಿದ್ದಳು.

ಉಂಗುರ ತನ್ನ ಬೆರಳಿಗೆ ಹೇಗೆ ಬಂತು? ಸತ್ತವನೇ ಎದ್ದು ಬಂದು ತೊಡಿಸಿ ಹೋದನೇ? ಜಗಲಿಯಲ್ಲಿ ಕಣ್ಣು ಮುಚ್ಚಿದರೆ ಸಾಕು, ತಲೆದೆಸೆಯಲ್ಲಿ ಡೀಸೆಲಿನ ವಾಸನೆ ಸುಳಿಯುತ್ತಿತ್ತು. ಯಾರೋ ಬಗ್ಗಿ ತನ್ನ ಕೈಯನ್ನೇ ನೋಡುತ್ತಿರುವಂತೆ. ಆದರೂ ಗಾಯದ ನೆಪ ಹೇಳಿ ಅವನು ಒಳಗೆ ಮಲಗುತ್ತಿರಲಿಲ್ಲ. ಅವಳೂ ಕರೆಯಲಿಲ್ಲ. ಏನೋ ಹರಕೆಯೆಂದು ಬಳೆ ತೆಗೆದಿಟ್ಟಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಮನೆಯಿಂದಾಚೆ ಕಾಲಿಟ್ಟಿರಲಿಲ್ಲ. ಶುಕ್ರವಾರ ಬಂದರೆ ಮಾತ್ರ ಮಲ್ಲಿಗೆ, ಊದುಬತ್ತಿ ಅವನ ಕೈಗಿಡುತ್ತಿದ್ದಳು.

"ಆ ದಾರಿಹೋಕರ ಗೋರಿಗೆ ಹಾಕಿ ಬನ್ನಿ. ಪಾಪ, ಅವರಿಗೂ ಯಾರಾದ್ರೂ ಬೇಕಲ್ಲ."

ಈ ಶುಕ್ರವಾರ ಹುಸೇನನಿಗೆ ತಡೆಯಲಾಗಲಿಲ್ಲ. ಸತ್ತವನ ಗೋರಿಗೆ ಹೂ ಹಾಕಿ, ಸತ್ತವನ ಮನೆಯಲ್ಲಿ ಉಣ್ಣುವುದು ಎಷ್ಟು ದಿನ? ಬಿರಬಿರನೆ ಮನೆಗೆ ಬಂದು ಉಂಗುರ ಬಿಚ್ಚಿ ಅವಳ ಮುಂದಿಟ್ಟ.

"ನಾನು ನಿಮ್ಮ ಯಜಮಾನರಲ್ಲ. ಅವರು ಆ ಗೋರೀಲಿದ್ದಾರೆ. ನನ್ನ ಹೆಸರು ಹುಸೇನ್. ತಪ್ಪಾಯ್ತು, ಹೋಗ್ತೀನಿ."

ಅಖ್ತರ್ ಬೀ ಅಳಲಿಲ್ಲ, ಬೆಚ್ಚಲೂ ಇಲ್ಲ. ಉಂಗುರವನ್ನು ಎತ್ತಿ ಸೆರಗಿನಲ್ಲಿ ಒರೆಸಿದಳು.

"ಅವರ ಉಸಿರು ನಿಂತಾಗ ನೀವು ಪಕ್ಕದ ಮಂಚದಲ್ಲಿ ನರಳ್ತಿದ್ರಿ. ನಿಮ್ಮನ್ನ ತೋರಿಸಿ, ಇವರ ಕಡೆಯವರು ಯಾರು ಅಂತ ನರ್ಸಮ್ಮ ಕೇಳ್ತಾನೇ ಇದ್ರು. ಯಾರೂ ಬರ್ಲಿಲ್ಲ. ಉಂಗುರ ತೊಡಿಸಿದ್ದು ನಾನೇ."

ಹುಸೇನ್ ಬಾಗಿಲ ಚೌಕಟ್ಟು ಹಿಡಿದು ನಿಂತ.

"ನಿಕಾ ಓದೋ ಖಾಜಿಯವರಿಗೆ ಹೇಳೋಕೆ ನಿಮ್ಮ ಹೆಸರೊಂದು ಗೊತ್ತಿರಲಿಲ್ಲ," ಎಂದಳು ಅವಳು. "ಗಂಡ ಸತ್ತವಳು ಕಾಯ್ಬೇಕಾದ ಇದ್ದತ್ತು ನಿನ್ನೆಗೆ ಮುಗೀತು."