ಮೊಣಕೈ ಕಲೆಯ ರೊಟ್ಟಿ

ಮೊನ್ನೆ ಮೊಣಕೈ ಮೇಲೆ ಒಣಗಿದ ಕೆಂಪು ಕಲೆ ಕಂಡು, ಮೊಬೈಲಿನಲ್ಲಿ ಕಾರಣ ಹುಡುಕಿ ಸಂಜೆಯೊಳಗೆ ಅರ್ಧ ಸತ್ತಿದ್ದ ನನ್ನನ್ನು, ಅದಕ್ಕೆ ಹಚ್ಚಿಕೊಂಡ ಕೊಬ್ಬರಿ ಎಣ್ಣೆಯ ವಾಸನೆ ಬಾಲ್ಯಕ್ಕೆ, ಸನಮಡಿ ಊರಿನ ಅಜ್ಜಿಯ ಅಡುಗೆಮನೆಗೆ ಎಳೆದೊಯ್ದಿತು.

ಆಗ ನಾನಿನ್ನೂ ಚಿಕ್ಕವಳು. ಮರುದಿನ ಎಳ್ಳಮವಾಸ್ಯೆ, ಹೊಲದಲ್ಲಿ ಭೂಮಿತಾಯಿಗೆ ಚರಗವೆಂದು ಅಡುಗೆ ಚೆಲ್ಲುವ ಹಬ್ಬ. ಹೆಂಗಸರೆಲ್ಲ ಕೂಡಿ ಸಜ್ಜೆ ರೊಟ್ಟಿ ಬಡಿಯುತ್ತಿದ್ದರು. ಮೊದಲ ಸಲ ನನಗೂ ಹಿಟ್ಟು ಸಿಗುವುದಿತ್ತು. ಅಷ್ಟರಲ್ಲಿ ಅಜ್ಜಿ ಎಣ್ಣೆ ಹಚ್ಚಿದ್ದ ನನ್ನ ಮೊಣಕೈ ಕಲೆ ಮಿರಮಿರ ಮಿಂಚಿ ಚಿಕ್ಕಮ್ಮನ, ನಮ್ಮ ಚಿಗವ್ವನ, ಕಣ್ಣಿಗೆ ಬಿತ್ತು.

“ಜ್ಯಾಡ ಹರದಾಡೇತಿ ನೋಡು,” ಎಂದು ಆಕೆ ಜೇಡದ ಮೇಲೆ ಹಾಕಿದಳು.

“ಅಲ್ಲವಾ, ಹೊಸಾ ಸಾಬಾಣದ್ದು,” ಎಂದಳು ಪಕ್ಕದ ಮನೆಯಾಕೆ.

“ಬದನಿಕಾಯಿ ಉಷ್ಣ,” ಎಂದಳು ಅತ್ತೆ.

ಕಾರಣ ಮೂರಾದರೂ ತೀರ್ಪು ಒಂದೇ: “ಈಕಿ ಹಿಟ್ಟ ಮುಟ್ಟೂದು ಬ್ಯಾಡ.”

ನಾನು ಜಾಗ ಬಿಟ್ಟು ಏಳಲಿಲ್ಲ. ಅಜ್ಜಿ ನನ್ನ ಮುಂದೆ ಹಿಟ್ಟಿನ ಉಂಡೆ ಇಟ್ಟಳು.

“ಯಾತರದ್ದಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಕೂಸಿನ್ನ ಎಬ್ಬಸಲಿಕ್ಕಷ್ಟ ಎಲ್ಲಾರೂ ಡಾಕ್ಟರ ಆಗೀರೇನು? ಬಡಿಯವಾ ನೀ. ಈಕಿ ರೊಟ್ಟೀನ ಮೊದಲ ಚರಗಕ್ಕ. ಭೂಮಿತಾಯಿ ಉಣ್ಣಲಿ, ಆಮ್ಯಾಲ ನೀವು ಉಣ್ಣೂದು ಬಿಡೂದು ನೋಡ್ರಿ.”

ಅಂಚು ಹರಿದ ನನ್ನ ರೊಟ್ಟಿ ಬುಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೇ ಕೂತಿತು.

ಮರುದಿನ ಹೊಲದ ತುಂಬ ಚರಗ ಚೆಲ್ಲಿದ ಮೇಲೆ, ನನ್ನ ರೊಟ್ಟಿಯಲ್ಲಿ ಉಳಿದ ತುಂಡು ಪ್ರಸಾದವೆಂದು ಮೊದಲು ಕೈ ಚಾಚಿದವಳು ಚಿಗವ್ವ. ನಾನು ಅಂಗಿಯ ತೋಳನ್ನು ಭುಜದವರೆಗೆ ಏರಿಸಿ, ಕಲೆಯ ಕೈಯಿಂದಲೇ ನೀಡಿದೆ.