ಬಿಚ್ಚಿದ ಹೊಲಿಗೆ

"ಬಿಚ್ಚೋ ಸ್ವೆಟರು," ಎಂದ ಥರ್ಲೋ.

ಅಮೋಸ್ ಅಲುಗಲಿಲ್ಲ. ಬಟ್ಟೆ ಬದಲಿಸುವ ಕೋಣೆಯಲ್ಲಿ ತಂಡವೆಲ್ಲ ಸುತ್ತ ನೆರೆದಿತ್ತು. ೧೯೦೮ರ ಆ ಶರತ್ಕಾಲದಲ್ಲಿ ಒಹಾಯೋದ ಬ್ರೈಡ್‌ವೆಲ್ ಕಾಲೇಜು ಅಮೆರಿಕನ್ ಫುಟ್‌ಬಾಲ್‌ನ ಆರು ಪಂದ್ಯ ಆಡಿ ಆರನ್ನೂ ಸೋತಿತ್ತು. ನಾಯಕ ಥರ್ಲೋನನ್ನು ಕಂಡರೆ ಕ್ಷೌರದಂಗಡಿಯವನೂ ಮುಖ ತಿರುಗಿಸುತ್ತಿದ್ದ. ಥರ್ಲೋ ಚೆಂಡನ್ನು ಎದೆಗಪ್ಪಿ ಎರಡು ಹೆಜ್ಜೆ ಇಡುವಷ್ಟರಲ್ಲಿ ನಾಲ್ವರು ಮೈಮೇಲೆ ಬಿದ್ದಿರುತ್ತಿದ್ದರು. ಚೆಂಡು ಯಾರಿಗೆಂದು ತಿಳಿಸಲು ತಂಡ ಕೂಗುವ ಗುಟ್ಟಿನ ಅಂಕಿ ಎದುರಾಳಿಗಳಿಗೆ ಸೋರಿಹೋಗಿತ್ತು.

"ಅಂಕಿ ಬದಲಿಸು ಅಂತ ಮೊನ್ನೆ ಬಂದು ಹೇಳಿದ್ದು ನೀನೇ ಅಲ್ವಾ?"

"ಎಲ್ಲರದೂ ಅಲ್ಲ, ನಿನ್ನ ಅಂಕಿ ಒಂದನ್ನ ಬದಲಿಸು ಅಂದೆ."

"ಗುಟ್ಟು ಬಿಟ್ಟುಕೊಟ್ಟಿದ್ದು ಯಾರು, ಗೊತ್ತಾ?"

"ಗೊತ್ತು. ಹೇಳಲ್ಲ."

"ವೆಸ್ಟ್‌ಬ್ರೂಕ್‌ನಲ್ಲಿ ಇವರಣ್ಣ ಇದಾನಲ್ಲ, ಅವನನ್ನ ಕೇಳಿದ್ರಾಯ್ತು ಬಿಡು," ಎಂದು ಹಿಂದಿನಿಂದ ಯಾರೋ ಚುಚ್ಚಿದರು. ತಂಡವನ್ನು ಹೀನಾಯವಾಗಿ ಸೋಲಿಸಿದ್ದು ಆ ಊರಿನವರೇ.

ಅಮೋಸ್ ಸ್ವೆಟರು ಬಿಚ್ಚಿದ. ಎದೆಯ ಮೇಲೆ ಹೊಲಿದಿದ್ದ, ತಂಡದ ಆಟಗಾರರಿಗಷ್ಟೇ ಸಿಗುವ ಕಾಲೇಜಿನ ಅಕ್ಷರ ಒಳಗಾಗುವಂತೆ ಅಚ್ಚುಕಟ್ಟಾಗಿ ಮಡಿಸಿ ಬೆಂಚಿನ ಮೇಲಿಟ್ಟ.

"ನಿಮ್ಮಮ್ಮನಿಗೆ ನಮಸ್ಕಾರ ಹೇಳು," ಎಂದು ಬಾಗಿಲು ದಾಟಿದ. ಸಂಜೆಯ ಐದರ ರೈಲಿಗೆ ಊರನ್ನೇ ಬಿಟ್ಟ.

ಥರ್ಲೋ ಮನೆಗೆ ಬಂದಾಗ ಅಮ್ಮ ಅಡುಗೆಮನೆಯಲ್ಲಿ ಸೇಬು ಹೆಚ್ಚುತ್ತಿದ್ದಳು. ಊರಲ್ಲಿ ಥರ್ಲೋ ತಲೆಯೆತ್ತಿ ನೋಡಬಹುದಾಗಿದ್ದದ್ದು ಅವಳೊಬ್ಬಳ ಮುಖವನ್ನೇ. ಆಗೆಲ್ಲ ಅಂಗಿಗೆ ಅಂಕಿ ಹಾಕುವ ಪದ್ಧತಿ ಇರಲಿಲ್ಲ. ಕೆಸರಿನಲ್ಲಿ ಹೊರಳಿದ ಮೇಲೆ ಹೆತ್ತವರಿಗೂ ಮಕ್ಕಳ ಗುರುತು ಹತ್ತುತ್ತಿರಲಿಲ್ಲ. ಅವಳು ಮಾತ್ರ ಆರು ಪಂದ್ಯಗಳಲ್ಲಿ ಮಗನನ್ನು ಗುರುತಿಸಲು ಒಮ್ಮೆಯೂ ತಪ್ಪಿದವಳಲ್ಲ. ಮೈದಾನದ ಅಂಚಿಗೆ ಕಟ್ಟಿದ ಹಗ್ಗದ ಪಕ್ಕದ ಬೆಂಚಿನಿಂದ ಕೆಂಪು ಶಾಲು ಬೀಸುತ್ತ ಎದ್ದಳೆಂದರೆ ಮಗ ಓಡಿದನೆಂದೇ ಲೆಕ್ಕ.

"ಈ ಅಕ್ಷರ ಕಿತ್ತುಕೊಡಮ್ಮ," ಎಂದು ಸ್ವೆಟರನ್ನು ಮುಂದಿಟ್ಟ.

ಅಮ್ಮ ಕೈ ಒರೆಸಿಕೊಂಡು ಕತ್ತರಿ ತಂದಳು. "ಯಾರದೋ ಇದು?"

"ಅಮೋಸ್‌ದು. ತಂಡದಿಂದ ತೆಗೆದ್ವಿ."

"ಅಯ್ಯೋ, ಪಾಪ! ಹೋದ ಶನಿವಾರ ಕಾಲು ಉಳುಕಿ ನನ್ನ ಪಕ್ಕದಲ್ಲೇ ಕೂತಿದ್ನಲ್ಲೋ." ಒಂದೊಂದೇ ಹೊಲಿಗೆ ಬಿಚ್ಚತೊಡಗಿದಳು. "ಒಳ್ಳೇವನೇ. ಆದ್ರೆ ಆಟ ಮುಗಿಯೋವರೆಗೂ ನನ್ನ ಕೋಟು ಹಿಡಿದು ಜಗ್ಗಿದ್ದೇ ಜಗ್ಗಿದ್ದು. 'ಅಮ್ಮಾ, ದಮ್ಮಯ್ಯ, ಒಂಚೂರು ತಡೆದು ಎದ್ದೇಳಿ' ಅಂತಾನೆ!"

"ತಡೆದು?"

"ಹ್ಞೂಂ ಮತ್ತೆ. ನಲವತ್ತು ಅಂತ ಕೂಗಿದ್ರೆ ಚೆಂಡು ನಂಗೇ ಬರತ್ತೆ, ಆಗ ನೋಡಮ್ಮ ಅಂತ ನೀನೇ ಹೇಳ್ಕೊಟ್ಟಿಲ್ವಾ? ಕೂಗಿದ ಮೇಲೂ ಕೂತಿರೋಕಾಗುತ್ತೇನೋ ಹೆತ್ತವಳಿಗೆ?"

ಥರ್ಲೋ ತಟ್ಟನೆ ಕತ್ತರಿ ಹಿಡಿದ ಅವಳ ಕೈಯನ್ನು ತಡೆಯಲು ಕೈ ಚಾಚಿದ. ಅಷ್ಟರಲ್ಲಿ ಅಕ್ಷರ ಕಿತ್ತು ಬಂದಿತ್ತು.

"ಇವನಿಗಿಂತ ಎದುರು ತಂಡದ ಹುಡುಗರೇ ಮರ್ಯಾದಸ್ಥರು ನೋಡು," ಎಂದಳು ಅಮ್ಮ, ನೂಲಿನ ಚೂರು ಕೊಡವುತ್ತ. "ಅಂಕಿ ಕೂಗಿದ್ರೆ ಸಾಕು, ಆಟ ಬಿಟ್ಟು ಎಲ್ಲರೂ ನನ್ನ ಕಡೇನೇ ನೋಡ್ತಾರೆ."